ವಾಕ್ಯದ ಬಾಲ ಹಿಡಿಯಲು ಎರಡೂವರೆ ವರ್ಷ: ಪೋಲಿಷ್ ಮಾಧ್ಯಮದ ಕೊರಿಯನ್ ಸಂಭಾಷಣೆ ತರಗತಿ

ಪೋಲೆಂಡಿನ ವ್ರೊತ್ಸ್ವಾಫ್ ಊರಿನ ಒಂದು ಸಣ್ಣ ಖಾಸಗಿ ಭಾಷಾ ಶಾಲೆಯಲ್ಲಿ ಮಧ್ಯಮ ಹಂತದ ಕೊರಿಯನ್ ಸಂಭಾಷಣೆ ತರಗತಿಗೆ ನಾನೂ ನಮ್ಮನೆಯವರೂ ಐದು ಸೆಮಿಸ್ಟರ್ ಹೋಗಿದ್ದೇವೆ. ಪ್ರತಿ ಗುರುವಾರ ಸಂಜೆ ಪಾಠ. ಇಲ್ಲಿ ಒಂದು ಪಾಠ ಅಂದರೆ 45 ನಿಮಿಷ. ಅಂಥವು ಎರಡು, ಬೆನ್ನಿಗೆ ಬೆನ್ನು. ಗುಂಪಿನಲ್ಲಿ ಆರು ಜನ. ಟೀಚರ್ ಕೊರಿಯಾದವರು, ಪೋಲಿಷ್ ಚೆನ್ನಾಗಿ ಬಲ್ಲವರು. ವಿವರಣೆ ಪೋಲಿಷ್‌ನಲ್ಲಿ, ಮಾತು ಕೊರಿಯನ್‌ನಲ್ಲಿ. ಸೆಮಿಸ್ಟರಿಗೆ 15 ವಾರ, ತಲಾ 1,400 ಝ್ವೋತಿ (ಪೋಲೆಂಡಿನ ನಾಣ್ಯ).

ನಮ್ಮನೆಯವರು ಹುಟ್ಟಾ ಪೋಲಿಷ್ ಮಾತಾಡುವವರು. ನಾನು ಶಿವಮೊಗ್ಗ ಕಡೆಯವಳು, ಪೋಲಿಷ್ ಕಲಿತದ್ದು ಮದುವೆಯಾದ ಮೇಲೆ. ಒಂದೇ ಮೇಜಿನಲ್ಲಿ ಅಕ್ಕಪಕ್ಕ ಕೂತು ಒಂದೇ ಪಾಠ ಕೇಳಿದರೂ ಅವರು ಎಡವಿದ ಜಾಗದಲ್ಲಿ ನಾನು ಎಡವಲಿಲ್ಲ. ನಾನು ಎಡವಿದಲ್ಲಿ ಅವರು ಸಲೀಸಾಗಿ ನಡೆದರು. ಈ ವಿಮರ್ಶೆ ಬರೆಯಲು ಅದೇ ಕಾರಣ. ಶಾಲೆಯ ಹೆಸರು ಹಾಕುತ್ತಿಲ್ಲ. ತರಗತಿ ಚೆನ್ನಾಗಿದ್ದದ್ದು ಟೀಚರಿಂದ, ತೊಂದರೆ ಬಂದದ್ದು ಆಫೀಸಿನಿಂದ. ಎರಡನ್ನೂ ಮುಚ್ಚಿಡದೆ ಬರೆಯಬೇಕು ಅನ್ನಿಸಿತು.

ಈ ಊರಲ್ಲಿ ಕೊರಿಯನ್ ಯಾಕೆ ಅಂತ ಕೇಳುವವರಿಗೆ ಒಂದು ಮಾತು. ಊರಿನ ಹೊರಗೆ ಬಿಸ್ಕುಪಿತ್ಸೆ ಪೊದ್ಗೂರ್ನೆಯಲ್ಲಿ ಎಲ್‌ಜಿಯವರ ದೊಡ್ಡ ಬ್ಯಾಟರಿ ಕಾರ್ಖಾನೆ ಇದೆ. ಅದರ ಸುತ್ತ ಕೊರಿಯನ್ ಕಂಪನಿಗಳು, ಅಂಗಡಿಗಳು, ಊಟದ ಮನೆಗಳು ಬೆಳೆದಿವೆ. 2023ರಲ್ಲಿ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ಗೆ ನೇರ ವಿಮಾನವೂ ಶುರುವಾಯಿತು. ನಾನು ಕೆಲಸ ಮಾಡುವುದು ಬಿಡಿಭಾಗ ಒದಗಿಸುವ ಬೇರೊಂದು ಕಂಪನಿಯ ಖರೀದಿ ವಿಭಾಗದಲ್ಲಿ. ಮೀಟಿಂಗ್ ಇಂಗ್ಲಿಷ್‌ನಲ್ಲಿ ನಡೆಯುತ್ತದೆ, ನಿರ್ಧಾರ ಆಗುವುದು ಕಾಫಿ ಯಂತ್ರದ ಹತ್ತಿರ ಕೊರಿಯನ್‌ನಲ್ಲಿ. ಆ ಐದು ನಿಮಿಷ ಅರ್ಥವಾದರೆ ಸಾಕು ಅನ್ನುವುದೇ ನನ್ನ ಆಸೆಯಾಗಿತ್ತು.

ತರಗತಿಗೆ ಸೇರುವಾಗ ಇಬ್ಬರಿಗೂ ವ್ಯಾಕರಣ ಬರುತ್ತಿತ್ತು. ಹಂಗುಲ್ ಅಕ್ಷರವಂತೂ ಒಂದು ವಾರದ ಕೆಲಸ. 1446ರಲ್ಲಿ ಸೇಜೋಂಗ್ ದೊರೆ ಅದನ್ನು ಪ್ರಕಟಿಸಿದ್ದೇ ಸಾಮಾನ್ಯ ಜನ ಸುಲಭವಾಗಿ ಕಲಿಯಲಿ ಎಂದು. ಕೊರಿಯನ್ ಎಷ್ಟು ಬರುತ್ತದೆ ಅಂತ ಅಳೆಯುವ ಟೋಪಿಕ್ ಪರೀಕ್ಷೆಯ ಎರಡನೇ ಭಾಗದಲ್ಲಿ 300ಕ್ಕೆ 120 ಅಂಕ ಬಂದರೆ 3ನೇ ಹಂತ. ನಮ್ಮಿಬ್ಬರಿಗೂ ಅದು ಬಂದಿತ್ತು. ಆದರೆ ಅದರಲ್ಲಿ ಇರುವುದು ಕೇಳುವುದು, ಬರೆಯುವುದು, ಓದುವುದು ಮಾತ್ರ. ಮಾತಿಗೆ ಬೇರೆಯೇ ಪರೀಕ್ಷೆ ಇದೆ, 2022ರಿಂದ ಶುರುವಾದದ್ದು. ಹಾಗಾಗಿ ಪ್ರಮಾಣಪತ್ರ ಕೈಯಲ್ಲಿದ್ದೂ ಲಿಫ್ಟಿನಲ್ಲಿ ಯಾರಾದರೂ ಸಿಕ್ಕರೆ ಬಾಯಿ ಕಟ್ಟಿಹೋಗುತ್ತಿತ್ತು.

ಮೊದಲ ದಿನ ಟೀಚರ್ ಮಾಡಿದ ಕೆಲಸವನ್ನು ನಾನು ಮರೆಯಲಾರೆ. ಒಬ್ಬೊಬ್ಬರಿಗೂ ಎರಡು ನಿಮಿಷ, ಕಳೆದ ಭಾನುವಾರದ ಬಗ್ಗೆ ಮಾತಾಡಿ ಅಂದರು. ನಾವು ಮಾತಾಡುತ್ತಿದ್ದಂತೆ ಅವರು ಬೋರ್ಡಿನ ಮೇಲೆ ನಮ್ಮ ವಾಕ್ಯಗಳ ಕೊನೆಯನ್ನು ಮಾತ್ರ ಬರೆಯುತ್ತಾ ಹೋದರು. ನಮ್ಮನೆಯವರ ಸಾಲಿನಲ್ಲಿ ಹದಿನಾಲ್ಕು ಬಾರಿ "ಸ್ಸೊಯೊ", ಅಂದರೆ ಆಯಿತು-ಹೋಯಿತು ಅನ್ನುವ ಬರೀ ಭೂತಕಾಲದ ಕೊನೆ, ಇತ್ತು, ಬೇರೆ ಏನೂ ಇಲ್ಲ. ನನ್ನ ಸಾಲೂ ಹೆಚ್ಚುಕಡಿಮೆ ಹಾಗೇ. "ನೀವು ಹೇಳಿದ್ದು ಎಲ್ಲ ಸರಿ, ಆದರೆ ಯಾರ ಜೊತೆಗೂ ಮಾತಾಡಲಿಲ್ಲ" ಅಂದರು. ಆಮೇಲೆ ಒಂದೇ ವಾಕ್ಯ ತೆಗೆದುಕೊಂಡು ಅದರ ಬಾಲ ಬದಲಿಸಿ ತೋರಿಸಿದರು.

ಆ ವಾಕ್ಯ "ಬಿಗಾ ವಾಸ್ಸೊಯೊ", ಮಳೆ ಬಂತು. "ಬಿಗಾ ವಾತ್‌ಚಾನಾಯೊ" ಅಂದರೆ ಮಳೆ ಬಂತಲ್ವಾ, ನಿಮಗೂ ಗೊತ್ತಲ್ಲ. "ವಾತ್‌ಕೊದುನ್ಯೊ" ಅಂದರೆ ಮಳೆ ಬಂದಿತ್ತು, ಅದಕ್ಕೇ ಹೀಗಾಯಿತು ಅನ್ನುವ ಸಮಜಾಯಿಷಿ. "ವಾನ್ನೇಯೊ", ಓ, ಮಳೆ ಬಂದಿದೆಯಲ್ಲ! "ವಾನ್ನಾಬ್ವಾಯೊ", ನೆಲ ಒದ್ದೆಯಾಗಿದೆ, ಮಳೆ ಬಂದಿರಬೇಕು. "ವಾತ್ತೇಯೊ", ಮಳೆ ಬಂತಂತೆ.

ಕೊನೆಯದನ್ನು ಕೇಳಿದಾಗ ನನಗೆ ಮೈ ಜುಂ ಅಂದಿತು. ನಮ್ಮ "ಅಂತೆ"! ಕ್ರಿಯಾಪದದ ಬೆನ್ನಿಗೆ ಅಂಟಿಕೊಂಡು, ಇದು ನಾನು ಕಂಡದ್ದಲ್ಲ, ಕೇಳಿದ್ದು ಅಂತ ಹೇಳುವ ಅದೇ ಪುಟ್ಟ ಅಂಟು. ಮಳೆ ಕೂಡ ನಮ್ಮಲ್ಲಿ ಹೇಗೋ ಕೊರಿಯನ್‌ನಲ್ಲೂ ಹಾಗೇ "ಬರುತ್ತದೆ"; ಪೋಲಿಷ್‌ನಲ್ಲಿ ಅದು "ಬೀಳುತ್ತದೆ". ಪೋಲಿಷ್ ಮಾತಾಡುವವರಿಗೂ ಈ ಭಾವಗಳು ಹೊಸವೇನಲ್ಲ. ಅವರಲ್ಲಿ "ಪೊದೊಬ್ನೊ" ಅಂದರೆ "ಅಂತೆ", "ಹಿಬಾ" ಅಂದರೆ "ಇರಬೇಕು", "ಪ್ಶೆಚೆಷ್" ಅಂದರೆ "ಅಲ್ವಾ". ಆದರೆ ಇವು ಬಿಡಿ ಪದಗಳು, ಬಹಳ ಸಲ ವಾಕ್ಯದ ಮೊದಲಿಗೇ ಬಂದುಬಿಡುತ್ತವೆ. ಬಾಯಿ ತೆರೆಯುವಾಗಲೇ ಪೋಲಿಷ್ ಮನಸ್ಸು ತನ್ನ ಅನುಮಾನವನ್ನು ಹೇಳಿ ಮುಗಿಸಿರುತ್ತದೆ. ಕೊರಿಯನ್‌ನಲ್ಲಿ ಅದನ್ನು ಕೊನೆಯವರೆಗೆ ಬಾಯಲ್ಲಿ ಇಟ್ಟುಕೊಂಡು ಹೋಗಬೇಕು. ನಮ್ಮನೆಯವರು ಕೊನೆ ಮುಟ್ಟುವಷ್ಟರಲ್ಲಿ ಅದನ್ನು ಬಿಟ್ಟುಬಿಡುತ್ತಿದ್ದರು. ಇದನ್ನು ಪೋಲಿಷ್‌ನಲ್ಲೇ ಬಿಡಿಸಿ ಹೇಳಬಲ್ಲ ಟೀಚರ್ ಸಿಕ್ಕಿದ್ದು ಈ ತರಗತಿಯ ಮೊದಲ ಲಾಭ. ಇಂಗ್ಲಿಷ್ ಮೂಲಕ ಕಲಿಸುವ ಆ್ಯಪ್‌ಗಳಲ್ಲಿ ಇವರು ಎರಡು ವರ್ಷ ತಿಣುಕಿದ್ದರು. ಇಲ್ಲಿ "-ಚಾನಾಯೊ ನಿಮ್ಮ ಪ್ಶೆಚೆಷ್, ಆದರೆ ಬಾಲದಲ್ಲಿ" ಅಂದ ಒಂದು ಮಾತಿಗೆ ಗಂಟು ಬಿಚ್ಚಿತು.

"ಅಂತೆ" ಪಾಠಕ್ಕೆ ಮೂರು ವಾರ ಕೊಟ್ಟರು. ಒಬ್ಬೊಬ್ಬರೂ ತಾವು ಕೇಳಿ ತಿಳಿದ ಸಂಗತಿಯೊಂದನ್ನು ಹೇಳಬೇಕು, ಪ್ರತಿ ವಾಕ್ಯವೂ ಕೇಳಿದ್ದು ಅನ್ನುವಂತೆಯೇ ಮುಗಿಯಬೇಕು. ಲ್ವುವೆಕ್ ಕಡೆಯ ಸಹಪಾಠಿಯೊಬ್ಬರು ತಮ್ಮೂರ ಮಗ್ಗುಲಿನ ಪ್ವಾಕೊವಿತ್ಸೆಯ ಕತೆ ಹೇಳಿದರು: ಕೊರಿಯಾ ಯುದ್ಧದಲ್ಲಿ ತಂದೆತಾಯಿ ಕಳೆದುಕೊಂಡ ಸಾವಿರಕ್ಕೂ ಹೆಚ್ಚು ಉತ್ತರ ಕೊರಿಯಾದ ಮಕ್ಕಳು 1953ರಿಂದ 1959ರವರೆಗೆ ಅಲ್ಲಿ ಬೆಳೆದರಂತೆ, ಪೋಲಿಷ್ ಕಲಿತರಂತೆ, ಆಮೇಲೆ ಎಲ್ಲರನ್ನೂ ವಾಪಸು ಕರೆಸಿಕೊಂಡರಂತೆ. ಆ ದಿನ ಟೀಚರ್ ಯಾರನ್ನೂ ತಿದ್ದಲಿಲ್ಲ. ಸುಮ್ಮನೆ ಕೇಳುತ್ತಾ ಕೂತಿದ್ದರು. ಆ ಬಾಲ ಯಾಕೆ ಬೇಕು ಅನ್ನುವುದು ನನಗೆ ಅಂದು ಚೆನ್ನಾಗಿ ಅರ್ಥವಾಯಿತು.

ಕನ್ನಡ ಬಲ್ಲವರು ಕೊರಿಯನ್ ಕಲಿಯುವಾಗ ಧೈರ್ಯ ತಂದುಕೊಳ್ಳಲು ಇನ್ನೂ ಬೇಕಾದಷ್ಟಿದೆ. "ಹೆ ಬೊದಾ" ಅಂದರೆ ಮಾಡಿ ನೋಡು. ಅಲ್ಲಿಯೂ "ಬೊದಾ" ನೋಡುವುದೇ. "ಹೆ ಜುದಾ" ಮಾಡಿ ಕೊಡು. "ಕಾ ಬೊರ್ಯೊಸ್ಸೊಯೊ" ಹೋಗಿಬಿಟ್ಟ. "ನಿನ್ನೆ ನಾನು ನೋಡಿದ ಸಿನಿಮಾ" ಅನ್ನುವುದನ್ನು ಪದಕ್ಕೆ ಪದ ಇಟ್ಟರೆ ಕೊರಿಯನ್ ಆಗುತ್ತದೆ. ಪೋಲಿಷ್‌ನಲ್ಲಿ ಮೊದಲು ಸಿನಿಮಾ, ಆಮೇಲೆ "ಕ್ತುರಿ" (ಯಾವುದು ಅನ್ನುವ ಕೊಂಡಿ ಪದ), ಆಮೇಲೆ ಉಳಿದ ವಿವರ. ಮಧ್ಯಮ ಹಂತದಲ್ಲಿ ಹೀಗೆ ನಾಮಪದದ ಮುಂದೆ ಪೇರಿಸಿದ ವಿವರ ಉದ್ದವಾಗುತ್ತಾ ಹೋದಂತೆ ಪೋಲಿಷ್ ಸಹಪಾಠಿಗಳ ಮುಖ ಬಾಡುತ್ತಿತ್ತು. "ಉರಿ ಒಮ್ಮಾ", ನಮ್ಮಮ್ಮ, ನನಗೆ ಸಹಜವಾಗಿ ಬಂತು. ಒಡಹುಟ್ಟಿದವರಿಲ್ಲದ ಸಹಪಾಠಿಯೊಬ್ಬರು ಮಾತ್ರ "ನನ್ನ ಅಮ್ಮ ನನಗೊಬ್ಬಳಿಗೇ ಅಮ್ಮ, ನಮ್ಮ ಅಂತ ಹೇಗೆ ಹೇಳಲಿ" ಅಂತ ಬಹಳ ದಿನ ಕೇಳುತ್ತಿದ್ದರು.

ಹಾಗಂತ ಪೋಲಿಷ್ ಮಾತಾಡುವವರ ಕೈ ಖಾಲಿ ಅಂದುಕೊಳ್ಳಬೇಡಿ. ಕೊರಿಯನ್ನಿನ "ಶಿ", "ಜಿ", "ಚಿ" ದನಿಗಳು ಪೋಲಿಷ್‌ನ ಮೆತ್ತನೆಯ ಶ-ಚ-ಜ ದನಿಗಳಿಗೆ ಎಷ್ಟು ಹತ್ತಿರ ಅಂದರೆ ನಮ್ಮನೆಯವರ ಉಚ್ಚಾರವನ್ನು ಟೀಚರ್ ಮೊದಲ ದಿನವೇ ಹೊಗಳಿದರು. ಗೌರವದ ಮಾತಂತೂ ಅವರ ರಕ್ತದಲ್ಲೇ ಇದೆ. ಪೋಲಿಷ್‌ನಲ್ಲಿ ಅಪರಿಚಿತರನ್ನು "ಪಾನ್", "ಪಾನಿ" ಅನ್ನುತ್ತಾರೆ, ಕಚೇರಿಯಲ್ಲಿ ಮೇಲಿನವರನ್ನು ಹುದ್ದೆ ಹಿಡಿದು ಕರೆಯುತ್ತಾರೆ. "ಗ್ವಾಜಾಂಗ್‌ನಿಮ್" ಅಂತ ಮ್ಯಾನೇಜರನ್ನು ಕರೆಯುವುದು ಅವರಿಗೆ ವಿಚಿತ್ರವಾಗಲಿಲ್ಲ. ಸಲುಗೆ ಬೆಳೆದ ಮೇಲೆ ಇನ್ನು ಏಕವಚನ ಅಂತ ಇಬ್ಬರೂ ಒಪ್ಪಿ ದಾಟುವ "ಬ್ರುದೆರ್‌ಶಾಫ್ತ್" ಪದ್ಧತಿ ಪೋಲೆಂಡಿನಲ್ಲಿದೆ. ಕೊರಿಯನ್ನರು "ಮಾತು ಇಳಿಸೋಣ" ಅಂತ ಕೇಳಿ ಸಲುಗೆಯ ಮಾತಾದ "ಬಾನ್‌ಮಾಲ್"ಗೆ ದಾಟುವುದೂ ಹಾಗೇ. ಇಲ್ಲಿ ಎಡವಿದವಳು ನಾನು: ನಾನು "ನೀನು" ಅಂದರೂ ಎದುರಿನವರು "ನೀವು" ಅನ್ನುವ ಮನೆಯ ಅಭ್ಯಾಸವನ್ನು ತಂದು, ಕಿರಿಯ ಸಹೋದ್ಯೋಗಿಯೊಬ್ಬರ ಜೊತೆ ಕೇಳದೆಯೇ ಮಾತು ಇಳಿಸಿದ್ದೆ. ಅವರ ಮುಖ ನೋಡಿಯೇ ತಪ್ಪು ತಿಳಿಯಿತು.

ಉಚ್ಚಾರದಲ್ಲಿ ಇಬ್ಬರಿಗೂ ಸಾಕುಸಾಕಾದದ್ದು "ದಾಲ್", "ಥಾಲ್", "ತ್ತಾಲ್": ಚಂದ್ರ, ಮುಖವಾಡ, ಮಗಳು. ಪೋಲಿಷ್‌ನಲ್ಲಿ ಮಹಾಪ್ರಾಣವಿಲ್ಲ, ಆದ್ದರಿಂದ ಅವರಿಗೆ ಮುಖವಾಡ ಬರದು. ನನಗೆ ಮಹಾಪ್ರಾಣ ಬರುತ್ತದೆ, ಚಂದ್ರ ಬರದು. ನನ್ನ "ದ" ತೀರಾ ಗಟ್ಟಿ. ಟೀಚರ್ ಹೇಳಿಕೊಟ್ಟ ಉಪಾಯ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ: ವ್ಯಂಜನ ಬಿಡಿ, ಸ್ವರದ ಎತ್ತರ ಕೇಳಿ. ಇಂದಿನ ಸೋಲ್ ಮಾತಿನಲ್ಲಿ ಚಂದ್ರ ತಗ್ಗಿನಿಂದ ಶುರುವಾಗುತ್ತದೆ, ಉಳಿದೆರಡು ಎತ್ತರದಿಂದ. ಅಂದಿನಿಂದ ದೂರವಾಣಿಯಲ್ಲಿ ಎರಡೆರಡು ಸಲ ಕೇಳಿಸಿಕೊಳ್ಳುವುದು ತಪ್ಪಿತು.

ಇನ್ನೊಂದು ಪಾಠ ನನ್ನ ಕೆಲಸವನ್ನೇ ಕಾಪಾಡಿತು. ಒಮ್ಮೆ ಕೊರಿಯನ್ ಮ್ಯಾನೇಜರ್ "ಸರಕು ಇನ್ನೂ ಬಂದಿಲ್ವಾ?" ಅಂತ ಕೇಳಿದರು. ಪೋಲಿಷ್‌ನಲ್ಲಿ ಉತ್ತರಿಸುವ ಹಾಗೆ ನಾನು "ಆನಿಯೊ", ಇಲ್ಲ, ಅಂದೆ. ಕೊರಿಯನ್‌ನಲ್ಲಿ ಅದು "ನೀವು ಹೇಳಿದ್ದು ಹಾಗಲ್ಲ, ಬಂದಿದೆ" ಅಂತಾಗುತ್ತದೆ. ಬಂದಿಲ್ಲ ಅನ್ನಲು "ನೆ", ಹೌದು, ಅನ್ನಬೇಕಿತ್ತು. ಅವರು ಇಳಿಸುವವರನ್ನು ಗೋದಾಮಿಗೆ ಕಳಿಸಿದರು. ಅಲ್ಲಿ ಲಾರಿಯೇ ಇರಲಿಲ್ಲ. ಮರುವಾರ ತರಗತಿಯಲ್ಲಿ ಹೇಳಿಕೊಂಡಾಗ ಟೀಚರ್ ಇಡೀ ಸಂಜೆಯನ್ನು ಇಲ್ಲ ಅನ್ನುವ ಪ್ರಶ್ನೆಗಳಿಗೇ ಕೊಟ್ಟರು. ಜೊತೆಗೆ "ಮಾತ್‌ಚಾಂಗು", ಅಂದರೆ ಕೇಳುತ್ತಾ ಹ್ಞೂಗುಟ್ಟುವುದು. ಪೋಲೆಂಡಿನವರು ಮರ್ಯಾದೆಗಾಗಿ ಸುಮ್ಮನಿದ್ದು ಕೇಳುತ್ತಾರೆ. ಆ ಮೌನ ಕೊರಿಯನ್ನರಿಗೆ ಫೋನ್ ಕಟ್ಟಾಯಿತೇನೋ ಅನ್ನಿಸುವಂತೆ ಮಾಡುತ್ತದೆ. ನಮ್ಮನೆಯವರು ಅಡುಗೆಮನೆಯಲ್ಲಿ ನಾನು ಅಮ್ಮನ ಜೊತೆ ಫೋನಲ್ಲಿ ಹ್ಞೂ, ಹೌದಾ, ಅಯ್ಯೋ ಅನ್ನುವುದನ್ನು ಕೇಳಿ ಕೇಳಿ ಅದನ್ನು ಕಲಿತರು.

ಈಗ ಕೊರತೆಗಳು. ಆರು ಜನ ಮತ್ತು ಟೀಚರ್, 90 ನಿಮಿಷ. ಲೆಕ್ಕ ಹಾಕಿದರೆ ಒಬ್ಬೊಬ್ಬರ ಬಾಯಿಗೆ ಹದಿಮೂರು ನಿಮಿಷವೂ ಬರುವುದಿಲ್ಲ. ಹೊಸಬರನ್ನು ಟೋಪಿಕ್ ಪ್ರಮಾಣಪತ್ರ ನೋಡಿ ಸೇರಿಸಿಕೊಳ್ಳುತ್ತಾರೆ, ಮಾತಾಡಿಸಿ ನೋಡುವುದಿಲ್ಲ. ಮೂರನೇ ಸೆಮಿಸ್ಟರಿನಲ್ಲಿ ಹೀಗೆ ಬಂದ ಇಬ್ಬರಿಗಾಗಿ ಐದು ವಾರ ಹಿಂದಕ್ಕೆ ಹೋದೆವು. ಅವರ ತಪ್ಪೇನೂ ಇರಲಿಲ್ಲ, ಅವರಿಗೂ ಹಿಂಸೆಯೇ. ನಾಲ್ಕನೆಯದರಲ್ಲಿ ನಮ್ಮ ಟೀಚರ್ ಎರಡು ತಿಂಗಳು ಊರಿಗೆ ಹೋದರು. ಬದಲಿಗೆ ಬಂದವರು ಪುಸ್ತಕದ ಸಂಭಾಷಣೆಯನ್ನು ಗಟ್ಟಿಯಾಗಿ ಓದಿಸಿದರು, ಅಷ್ಟೇ. ಆ ಅವಧಿಯ ಹಣದಲ್ಲಿ ಸ್ವಲ್ಪವಾದರೂ ಮರಳಿಸಿ ಎಂದು ಬರೆದ ಪತ್ರಕ್ಕೆ ಆಫೀಸಿನಿಂದ ಇವತ್ತಿಗೂ ಉತ್ತರವಿಲ್ಲ. ಇದು ನನಗೆ ನಿಜಕ್ಕೂ ಬೇಸರ ತಂದಿದೆ.

ಫಲ ಏನು? ಕಾಫಿ ಯಂತ್ರದ ಹತ್ತಿರದ ಮಾತು ಈಗ ಮುಕ್ಕಾಲು ಪಾಲು ಅರ್ಥವಾಗುತ್ತದೆ, ನಡುವೆ ಬಾಯಿ ಹಾಕಲೂ ಬರುತ್ತದೆ. ಉಳಿದ ಕಾಲು ಪಾಲು ಯಾರ ಬಗ್ಗೆ ಮಾತಾಡುತ್ತಿದ್ದಾರೆ ಅನ್ನುವುದರಲ್ಲಿ ಕಳೆದುಹೋಗುತ್ತದೆ. ಕನ್ನಡ, ಪೋಲಿಷ್ ಎರಡರಲ್ಲೂ ಕ್ರಿಯಾಪದ ನೋಡಿದರೆ ನಾನೋ ನೀನೋ ಅವನೋ ಗೊತ್ತಾಗುತ್ತದೆ. ಕೊರಿಯನ್‌ನಲ್ಲಿ ಆಸರೆಗೆ ಅದೂ ಇಲ್ಲ, ಕರ್ತೃವನ್ನೂ ಹೇಳುವುದಿಲ್ಲ. ಸಂದರ್ಭದಿಂದಲೇ ಹಿಡಿಯಬೇಕು. ಇದಕ್ಕೆ ತರಗತಿಯಲ್ಲಿ ಮದ್ದಿಲ್ಲ, ಜನರ ನಡುವೆ ಇರಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ; ಟೀಚರಿಗೆ ಮಾತ್ರವಾದರೆ ಐದು. ಇಂಥ ತರಗತಿ ಹುಡುಕುವವರು ಸೇರುವ ಮೊದಲು ಒಂದು ದಿನ ಒಳಗೆ ಕೂತು ನೋಡಲು ಕೇಳಿ. ಟೀಚರ್ ತಿದ್ದುವುದು ಪದವನ್ನೋ ವಾಕ್ಯದ ಕೊನೆಯನ್ನೋ ಗಮನಿಸಿ. ಪದವನ್ನು ಮಾತ್ರವಾದರೆ ಆ ಹಣಕ್ಕೆ ಬೇರೆ ದಾರಿ ನೋಡಿ. ಅಕ್ಟೋಬರಿನ ಸೆಮಿಸ್ಟರಿಗೆ ನಮ್ಮನೆಯವರು ಗುರುವಾರದ ಗುಂಪಿಗೇ ಹಣ ಕಟ್ಟಿದ್ದಾರೆ. ನಾನು ಅದೇ ಟೀಚರ ಹತ್ತಿರ, ಶನಿವಾರ ಬೆಳಿಗ್ಗೆ, ಒಬ್ಬಳೇ ಪಾಠ ಹೇಳಿಸಿಕೊಳ್ಳಲು ಮಾತಾಡಿಕೊಂಡಿದ್ದೇನೆ. ಗಂಟೆಗೆ 120 ಝ್ವೋತಿ ಆಗುತ್ತದೆ, ಅರವತ್ತು ನಿಮಿಷವೂ ನನ್ನ ಬಾಯಿಗೇ.