ಜೋಡಿ ಸ್ಪ್ರಿಂಗ್ ತಕ್ಕಡಿ: ಮೂರನೇ ನಿಯಮದ ಪಾಠಕ್ಕೆ ಸಾಕೇ?

ಮಂಗಳೂರಿನ ಲ್ಯಾಬ್ ಸಾಮಗ್ರಿ ಅಂಗಡಿಗಳಲ್ಲಿ ಸಿಗುವ 10 ನ್ಯೂಟನ್ ಅಳತೆಯ ಸ್ಪ್ರಿಂಗ್ ತಕ್ಕಡಿ ಎರಡಿದ್ದರೆ ನ್ಯೂಟನ್ನನ ಮೂರನೇ ನಿಯಮದ, ಅಂದರೆ ಪ್ರತಿ ಬಲಕ್ಕೂ ಅಷ್ಟೇ ಪ್ರಮಾಣದ ಎದುರು ಬಲ ಇರುತ್ತದೆ ಎಂಬ ಕ್ರಿಯೆ-ಪ್ರತಿಕ್ರಿಯೆ ಪಾಠಕ್ಕೆ ಧಾರಾಳ ಸಾಕು. ಕೊಕ್ಕೆಗೆ ಕೊಕ್ಕೆ ಸಿಕ್ಕಿಸಿ ಮೇಜಿನ ಮೇಲೆ ಒಂದೇ ಗೆರೆಯಲ್ಲಿ ನಿಧಾನವಾಗಿ ಎಳೆಯಿರಿ: ಒಂದು 4 ತೋರಿಸಿದರೆ ಇನ್ನೊಂದೂ 4. ಒಂದನ್ನು ಕಿಟಕಿಯ ಸರಳಿಗೆ ಕಟ್ಟಿ ಇನ್ನೊಂದನ್ನು ಮಾತ್ರ ಎಳೆದರೂ ಅಷ್ಟೇ. ಸರಳು ಸುಮ್ಮನೆ ನಿಂತಿಲ್ಲ, ಅದೂ ಎಳೆಯುತ್ತಿದೆ ಎಂದು ಮಕ್ಕಳಿಗೆ ಮನದಟ್ಟಾಗುವುದು ಇಲ್ಲೇ. ಈ ಒಂದು ಪ್ರಯೋಗಕ್ಕಾಗಿಯೇ ಕೊಳ್ಳಬಹುದು. ಸಮ ಬಲಗಳು ರದ್ದಾಗಬೇಕಲ್ಲ ಎಂದು ಮಕ್ಕಳು ಕೇಳುತ್ತಾರೆ. ಅವು ಬೇರೆ ಬೇರೆ ವಸ್ತುಗಳ ಮೇಲೆ ಬೀಳುತ್ತವೆ, ರದ್ದಾಗುವ ಮಾತೇ ಇಲ್ಲ.

ಅಂಕಿ ಹೊಂದದಿದ್ದರೆ ಉಪಕರಣವನ್ನು ನೋಡಿ. ತೂಗುಹಾಕಿ ಹೊಂದಿಸಿದ ಸೊನ್ನೆ ಅಡ್ಡ ಮಲಗಿಸಿದಾಗ ಸರಿಯುತ್ತದೆ, ತಿರುಪಿನಿಂದ ಮತ್ತೆ ಹೊಂದಿಸಬೇಕು. ಓರೆಯಾಗಿ ಎಳೆದರೆ ಮುಳ್ಳು ತಗಡಿಗೆ ಉಜ್ಜುತ್ತದೆ. ಒಂದರ ಕೆಳಗೊಂದು ನೇತುಹಾಕಿದರೆ ಮೇಲಿನದು ಕೆಳಗಿನದರ ತೂಕವನ್ನೂ ಸೇರಿಸಿಕೊಳ್ಳುತ್ತದೆ: ಅದು 100 ಗ್ರಾಂ ಇದ್ದರೆ ಸುಮಾರು 1 ನ್ಯೂಟನ್ ಹೆಚ್ಚು.

ತಿರುಪಿಲ್ಲದ ಅಗ್ಗದ ಮಾದರಿ ಬೇಡ. ನಮ್ಮ ಮಳೆಗಾಲಕ್ಕೆ ಸಾದಾ ಕಬ್ಬಿಣದ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದನ್ನೇ ಕೇಳಿ ತೆಗೆದುಕೊಳ್ಳಿ.