ಕಿಟಕಿ ಗಾಜಿಗೆ ಚುಕ್ಕಿ ಟೇಪ್: ಕೊಳ್ಳಿ, ಆದರೆ ಪೂರ್ತಿ ಅಂಟಿಸಿ

ಹಕ್ಕಿಗಳು ಗಾಜಿಗೆ ಬಡಿಯದಂತೆ ತಡೆಯುವ ಚುಕ್ಕಿ ಟೇಪ್ ಕೆಲಸ ಮಾಡುತ್ತಾ? ಮಾಡುತ್ತದೆ. ಆದರೆ ಗಾಜಿನ ಹೊರಮೈಗೆ, ಅಂಚಿನಿಂದ ಅಂಚಿಗೆ ಅಂಟಿಸಬೇಕು. ನಡುವೆ ಒಂದೆರಡು ಸಾಲು ಹಾಕಿ ಬಿಟ್ಟರೆ ದುಡ್ಡು ದಂಡ.

ನಮ್ಮ ಹಾಲ್‌ನ ಕಿಟಕಿ ದೊಡ್ಡದು, ಒಂದೇ ಹಾಳೆ ಗಾಜು. ಎದುರಿಗೇ ಮರಗಳಿವೆ. ಹೊರಗೆ ನಿಂತು ನೋಡಿದರೆ ಗಾಜು ಕಾಣುವುದೇ ಇಲ್ಲ, ಮರ ಮತ್ತು ಆಕಾಶವೇ ಕಾಣುತ್ತವೆ. ಹಕ್ಕಿಗೂ ಅಷ್ಟೇ. ಅದು ಆ ಮರದತ್ತಲೇ ಪೂರ್ತಿ ವೇಗದಲ್ಲಿ ಹಾರಿ ಬರುತ್ತದೆ. ಒಮ್ಮೆ ಪಿಕಳಾರವೊಂದು ಬಡಿದಾಗ ಅದರ ರೆಕ್ಕೆ ಬಿಚ್ಚಿದ ಆಕಾರವೇ ಗಾಜಿನ ಮೇಲೆ ಬೂದು ಪುಡಿಯಾಗಿ ಉಳಿದಿತ್ತು. ಆ ಗುರುತು ಒರೆಸಲು ನನಗೆ ಮನಸ್ಸೇ ಬರಲಿಲ್ಲ. ಬಡಿದ ಹಕ್ಕಿ ಎದ್ದು ಹಾರಿತು ಅಂತ ನಾವು ಸಮಾಧಾನ ಪಡುತ್ತೇವೆ. ಒಳಗೆ ರಕ್ತ ಸುರಿದು, ಆಮೇಲೆ ಎಲ್ಲೋ ಹೋಗಿ ಸಾಯುವವು ಎಷ್ಟೋ ಇವೆ.

ಇದು ಎತ್ತರದ ಕಟ್ಟಡಗಳ ಸಮಸ್ಯೆ ಅಂತ ನಾನೂ ತಿಳಿದಿದ್ದೆ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಅಂದಾಜು ಓದಿದ ಮೇಲೆ ಹಾಗೆ ಅನ್ನಿಸುವುದಿಲ್ಲ. ಅಲ್ಲಿ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ. ಅದರಲ್ಲಿ ಗಗನಚುಂಬಿಗಳ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಸಾಮಾನ್ಯ ಮನೆಗಳ ಪಾಲು ಸುಮಾರು 44. ಅಂದರೆ ನಮ್ಮ ನಿಮ್ಮ ಕಿಟಕಿಗಳೇ ಅಲ್ವಾ?

ಟೇಪ್ ಬರುವುದು ಸುರುಳಿಯಾಗಿ. ಪಾರದರ್ಶಕ ಪಟ್ಟಿಯ ಮೇಲೆ ಬಿಳಿ ಚುಕ್ಕಿಗಳ ಸಾಲು, ಹಿಂದೆ ಕಾಗದ. ಕಾಗದ ಸುಲಿದು ಪಟ್ಟಿಯನ್ನು ಗಾಜಿಗೆ ಒತ್ತಬೇಕು, ಪ್ಲಾಸ್ಟಿಕ್ ಕಾರ್ಡಿನಿಂದ ಗಟ್ಟಿಯಾಗಿ ಉಜ್ಜಬೇಕು, ಆಮೇಲೆ ಪಟ್ಟಿಯನ್ನು ನಿಧಾನವಾಗಿ ಎಳೆಯಬೇಕು. ಚುಕ್ಕಿ ಮಾತ್ರ ಗಾಜಿನಲ್ಲಿ ಉಳಿಯುತ್ತದೆ. ಗಾಜು ಚೆನ್ನಾಗಿ ತೊಳೆದು ಪೂರ್ತಿ ಒಣಗಿರಬೇಕು. ಅಂಚಿನ ರಬ್ಬರ್ ಪಟ್ಟಿಯಲ್ಲಿ ಸ್ವಲ್ಪ ನೀರು ಉಳಿದಿದ್ದರೂ ಅಲ್ಲಿನ ಚುಕ್ಕಿ ಕೂರುವುದಿಲ್ಲ. ಇಬ್ಬರಿದ್ದರೆ ಸಲೀಸು. ಒಬ್ಬರೇ ಮಾಡಿದರೆ ಸಾಲು ಸೊಟ್ಟಗಾಗುತ್ತದೆ. ಹಕ್ಕಿಗೇನೂ ತೊಂದರೆಯಿಲ್ಲ, ನೋಡುವವರ ಕಣ್ಣಿಗೆ ಕಿರಿಕಿರಿ ಅಷ್ಟೇ.

ಚುಕ್ಕಿಗಳ ನಡುವಿನ ಅಂತರವೇ ಮುಖ್ಯ. ಅಡ್ಡಕ್ಕೂ ಉದ್ದಕ್ಕೂ 5 ಸೆಂಟಿಮೀಟರ್ ಮೀರಬಾರದು. ತನ್ನ ಮೈ ತೂರುವಷ್ಟು ಜಾಗ ಕಂಡರೆ ಹಕ್ಕಿ ಅಲ್ಲಿ ನುಗ್ಗಲು ನೋಡುತ್ತದೆ. ಚುಕ್ಕಿ ಕನಿಷ್ಠ 6 ಮಿಲಿಮೀಟರ್ ಅಗಲ ಇರಬೇಕು. ನನ್ನದು 8. ಇಷ್ಟೆಲ್ಲ ಹಾಕಿದರೂ ಗಾಜಿನಲ್ಲಿ ಮುಚ್ಚುವುದು ನೂರಕ್ಕೆ ಎರಡು ಪಾಲು ಮಾತ್ರ. "ಇದೇನು ಮಾರಾಯ್ತಿ, ಕಿಟಕಿಗೆ ಸಿಡುಬು ಎದ್ದ ಹಾಗಿದೆ" ಅಂದಿದ್ದರು ನಮ್ಮತ್ತೆ. ಈಗ ಅವರು ಅದೇ ಕಿಟಕಿಯ ಮುಂದೆ ಕೂತು ಸೂರಕ್ಕಿ ಬಂತಾ ಅಂತ ನೋಡುತ್ತಾರೆ. ಚುಕ್ಕಿಯ ಮಾತೇ ಎತ್ತುವುದಿಲ್ಲ.

ಇದೇ ಡಬ್ಬಿಯಲ್ಲಿ ಒಂದು ಗಿಡುಗದ ಸ್ಟಿಕ್ಕರ್ ಉಚಿತವಾಗಿ ಬಂದಿತ್ತು. ಕಿಟಕಿಗೊಂದು ಅಂಟಿಸಿದರೆ ಹಕ್ಕಿಗಳು ಹೆದರಿ ದೂರ ಇರುತ್ತವೆ ಅಂತ ಬರೆದಿದ್ದರು. ಇದು ನನಗೆ ಸಿಟ್ಟು ತರಿಸಿತು. ಅಲುಗಾಡದ ಗಿಡುಗಕ್ಕೆ ಹಕ್ಕಿ ಹೆದರುವುದಿಲ್ಲ. ಅದರ ಪಕ್ಕದ ಖಾಲಿ ಗಾಜಿಗೆ ಹೋಗಿ ಬಡಿಯುತ್ತದೆ. ಒಳ್ಳೆಯ ವಸ್ತು ಮಾರುವವರು ಅದರ ಜೊತೆ ಇಂಥ ಸುಳ್ಳು ಭರವಸೆ ಕೊಡಬಾರದು. ಸೂಚನೆಯ ಚೀಟಿಯಲ್ಲಿ ಹೊರಮೈಗೇ ಅಂಟಿಸಿ ಅನ್ನುವುದು ಎಲ್ಲೋ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದೆ. ಒಳಗಿನಿಂದ ಅಂಟಿಸಿದರೆ ಹೊರಗಿನ ಪ್ರತಿಬಿಂಬ ಚುಕ್ಕಿಯನ್ನು ನುಂಗಿಬಿಡುತ್ತದೆ. ಅದನ್ನು ದಪ್ಪ ಅಕ್ಷರದಲ್ಲಿ ಮೊದಲಿಗೇ ಹಾಕಬೇಕಿತ್ತು.

ಹಾಕಿದ ಮೇಲೆ ಮಳೆಗಾಲ ಕಳೆದಿದೆ. ಅಂಚಿನ ಕೆಲವು ಬಿಟ್ಟರೆ ಚುಕ್ಕಿಗಳು ಭದ್ರವಾಗಿವೆ. ಆ ಗಾಜಿಗೆ ಹಕ್ಕಿ ಬಡಿದ ಸದ್ದು ಮತ್ತೆ ಕೇಳಿಲ್ಲ. ಒಂದು ಮನೆಯ ಅನುಭವ ಸಾಕಾಗುವುದಿಲ್ಲ, ನಿಜ. ಷಿಕಾಗೋದ ಮೆಕಾರ್ಮಿಕ್ ಪ್ಲೇಸ್ ಕಟ್ಟಡದಲ್ಲಿ 2023ರ ಅಕ್ಟೋಬರ್‌ನಲ್ಲಿ ಒಂದೇ ರಾತ್ರಿ ಹತ್ತಿರ ಹತ್ತಿರ 1000 ವಲಸೆ ಹಕ್ಕಿಗಳು ಸತ್ತಿದ್ದವು. 2024ರಲ್ಲಿ ಗಾಜಿಗೆಲ್ಲ ಇಂಥದೇ ಚುಕ್ಕಿ ಹಾಕಿದರು. ಆ ವರ್ಷದ ವಲಸೆಯ ಕಾಲದಲ್ಲಿ ಸಾವು ನೂರಕ್ಕೆ 90ಕ್ಕಿಂತ ಜಾಸ್ತಿ ಇಳಿಯಿತು.

ಒಂದು ಕೆಲಸಕ್ಕೆ ಮಾತ್ರ ಇದನ್ನು ನಂಬಬೇಡಿ. ಮರಿ ಮಾಡುವ ಕಾಲದಲ್ಲಿ ಗಂಡು ಸೂರಕ್ಕಿ ತನ್ನ ಪ್ರತಿಬಿಂಬವನ್ನೇ ಎದುರಾಳಿ ಅಂದುಕೊಂಡು ಗಾಜು ಕುಕ್ಕುತ್ತದೆ. ಅದು ಬೇರೆ ಜಗಳ. ಅದಕ್ಕೆ ಗಾಜಿನ ಹೊರಗೆ ಕೆಲವು ದಿನ ಬಟ್ಟೆ ಇಳಿಬಿಡುವುದೇ ಸರಿ.

ಟೇಪ್ ಬೇಡ ಅನ್ನುವವರು ಕಿಟಕಿಯ ಹೊರಬದಿಗೆ ಸೊಳ್ಳೆ ಪರದೆಯ ಜಾಲರಿ ಬಿಗಿಯಬಹುದು. 10 ಸೆಂಟಿಮೀಟರ್‌ಗೊಂದರಂತೆ ದಾರ ಇಳಿಬಿಟ್ಟರೂ ಆಗುತ್ತದೆ. ಮೇಲಿನ ಅಂತಸ್ತಿನ, ಹೊರಗಿನಿಂದ ಕೈಗೆಟುಕದ ಕಿಟಕಿಗೆ ಟೇಪ್ ಅಂಟಿಸಲು ಸುಮ್ನೆ ಸಾಹಸ ಮಾಡಬೇಡಿ. ಅಲ್ಲಿಗೆ ದಾರವೇ ವಾಸಿ. ನನ್ನ ಮೆಟ್ಟಿಲ ಕಿಟಕಿಗೆ ನಾನೂ ಅದನ್ನೇ ಕಟ್ಟಿದ್ದೇನೆ.