ತಾರಸಿಯ ಮಳೆನೀರು ಶೋಧಕ: ಎರಡು ಮಳೆಗಾಲ ಬಳಸಿದ ಮೇಲೆ

2024ರ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಬಡಾವಣೆಯ ಕೊಳವೆಬಾವಿ ಬತ್ತಿ, ಟ್ಯಾಂಕರ್‌ಗಾಗಿ ಮೂರು ದಿನ ಕಾಯುವ ಸ್ಥಿತಿ ಬಂದಾಗ, ನೀರಿಗಾಗಿ ಇನ್ನು ಪೂರ್ತಿಯಾಗಿ ಹೊರಗಿನವರನ್ನೇ ನಂಬಿ ಕೂರಬಾರದೆಂದು ನಿರ್ಧರಿಸಿ, ಗೋಡೆಗೆ ಜೋಡಿಸುವ ಮಳೆನೀರು ಶೋಧಕವೊಂದನ್ನು ಹಾಕಿಸಿದೆವು. ಕಾವೇರಿ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುವ ಊರಿನಲ್ಲಿ ತಾರಸಿಯ ಮೇಲೆ ಬಿದ್ದ ನೀರನ್ನು ಚರಂಡಿಗೆ ಬಿಡುವುದು ನನಗೆ ಮೊದಲಿನಿಂದಲೂ ಸಂಕಟದ ವಿಷಯವಾಗಿತ್ತು.

ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಸುರಿದರೆ 1 ಲೀಟರ್ ನೀರು. ನಮ್ಮ ತಾರಸಿ 100 ಚದರ ಮೀಟರ್ ಇರುವುದರಿಂದ, 20 ಮಿಲಿಮೀಟರ್ ಸುರಿದ ಒಂದು ಸಂಜೆ, ಪೋಲಾಗುವುದನ್ನು ಕಳೆದರೂ, ಸುಮಾರು 1,600 ಲೀಟರ್ ಸಂಪಿಗೆ ಇಳಿಯುತ್ತದೆ.

ಈ ಸಾಧನದಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಪ್ರತಿ ಮಳೆಯ ಆರಂಭದ ಕೊಳೆ ನೀರನ್ನು ಬೇರ್ಪಡಿಸಿ ಹಿಡಿದಿಡುವ ಕೊಳವೆ. ಅದರ ತಳದ ಮುಚ್ಚಳ ತಿರುಗಿಸಿದಾಗ ಧೂಳು, ಪಾರಿವಾಳದ ಹಿಕ್ಕೆ, ಒಣಎಲೆ ಕಲೆತ ಚಹಾ ಬಣ್ಣದ ನೀರು ಹೊರಬರುತ್ತದೆ. ಅಷ್ಟು ಕೊಳೆ ಸಂಪಿಗೆ ಹೋಗಲಿಲ್ಲವೆಂಬ ಸಮಾಧಾನ ದೊಡ್ಡದು. ಆದರೆ ಪ್ರತಿ ಮಳೆಯ ನಂತರ ಅದನ್ನು ಖಾಲಿ ಮಾಡಬೇಕೆಂದು ಅಳವಡಿಸಲು ಬಂದವರು ಹೇಳಲೇ ಇಲ್ಲ, ಕೈಪಿಡಿಯನ್ನೂ ಕೊಡಲಿಲ್ಲ. ಇದರಿಂದ ಮೊದಲ ತಿಂಗಳು ಸಂಪಿನ ನೀರು ವಾಸನೆ ಹಿಡಿದು, ಅದನ್ನೆಲ್ಲ ಚೆಲ್ಲಿ ತೊಳೆಯಬೇಕಾಯಿತು. ಜರಡಿಯನ್ನು ವಾರಕ್ಕೊಮ್ಮೆ ಬ್ರಷ್‌ನಿಂದ ಉಜ್ಜುವುದೂ ಅನಿವಾರ್ಯ.

ಬಟ್ಟೆ, ಪಾತ್ರೆ, ಗಿಡಗಳಿಗೆ ಈ ನೀರನ್ನು ನಿಶ್ಚಿಂತೆಯಿಂದ ಬಳಸುತ್ತಿದ್ದೇವೆ, ಕುಡಿಯಲು ಬಳಸುತ್ತಿಲ್ಲ. ಕಳೆದ ಮಳೆಗಾಲದ ನಾಲ್ಕು ತಿಂಗಳಲ್ಲಿ ನಾವು ಒಂದೇ ಒಂದು ಟ್ಯಾಂಕರ್ ತರಿಸಲಿಲ್ಲ.